ಸಮಗ್ರ ಪ್ರಶಸ್ತಿಯ ಹಿಂದಿನ ಜನ

ನೆರಿಯದ ಕಡೆ ಸಮತಟ್ಟಾದ ನೆಲ ಎಂದರೆ ಒಂದೋ ಗದ್ದೆ, ಇಲ್ಲವೇ ಶಾಲೆಯ ಮೈದಾನ. ಉಳಿದದ್ದೆಲ್ಲ ಏರು, ಇಳಿಜಾರು, ತೋಟ, ಕಾಡು. ಚಾರ್ಮಾಡಿ ಘಾಟಿಯ ಬುಡದಲ್ಲಿರುವ, ಬೆಳ್ತಂಗಡಿ ತಾಲ್ಲೂಕಿನ ಈ ಸೀಮೆಯಲ್ಲಿ ತೋಡು ದಾಟಿ, ಅಡಿಕೆ ತೋಟದ ಬದು ಹಿಡಿದು, ಗುಡ್ಡ ಹತ್ತಿಳಿದು ಶಾಲೆಗೆ ಹೋಗುವ ಮಕ್ಕಳ ಕಾಲಿಗೆ ಕಸುವು ಕಡಿಮೆ ಇರುವುದಿಲ್ಲ. ಕಡಿಮೆ ಇರುವುದು ಓಡುವ ನೆಲ. ಎಂಟು ಲೇನುಗಳ 400 ಮೀಟರ್ ಟ್ರ್ಯಾಕ್‌ಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಸಪಾಟು ಜಾಗ ಬೇಕು. ಅಂದರೆ ನಾಲ್ಕು ಎಕರೆ. ಘಟ್ಟದ ಬುಡದ ಊರುಗಳಲ್ಲಿ ಅಷ್ಟು ದೊಡ್ಡ ಜಾಗವನ್ನು ಒಂದೇ ಮಟ್ಟದಲ್ಲಿ ಹುಡುಕುವುದು ಸುಲಭವಲ್ಲ. ಆದ್ದರಿಂದಲೇ ಇಲ್ಲಿನ ಎಷ್ಟೋ ಶಾಲೆಗಳ ಮೈದಾನಗಳು ಒಂದು ಕಡೆ ಗುಡ್ಡ ಜರಿದು, ಇನ್ನೊಂದು ಕಡೆ ತಗ್ಗು ತುಂಬಿಸಿ ಮಾಡಿದವು.

ಕ್ರೀಡಾಕೂಟದ ಹಿಂದಿನ ಸಂಜೆ ಅಂಥ ಮೈದಾನದಲ್ಲಿ ಪಿ.ಟಿ. ಮಾಸ್ಟ್ರ ಕೆಲಸ ನೋಡಬೇಕು. ಎರಡು ಗೂಟ, ಒಂದು ಹಗ್ಗ, ಅಳತೆಯ ಟೇಪು, ಒಂದು ಚೀಲ ಸುಣ್ಣದ ಪುಡಿ. ಗೂಟಕ್ಕೆ ಕಟ್ಟಿದ ಹಗ್ಗವನ್ನು ಬಿಗಿಯಾಗಿ ಎಳೆದು ಅರ್ಧ ವೃತ್ತ ಬರೆಯುತ್ತಾರೆ. ಹಿಂದಿನಿಂದ ಇಬ್ಬರು ಹುಡುಗರು ಸುಣ್ಣ ಸುರಿಯುತ್ತ ಬರುತ್ತಾರೆ. 400 ಮೀಟರ್ ಹಿಡಿಸದ ಕಡೆ 200 ಮೀಟರಿನ ಸುತ್ತು, ಲೇನಿನ ಅಗಲ 1.22 ಮೀಟರ್. ಒಂದು ಸುತ್ತಿನ ಓಟಕ್ಕೆ ಎರಡನೇ ಲೇನಿನವನನ್ನು ಎಷ್ಟು ಮುಂದೆ ನಿಲ್ಲಿಸಬೇಕೆಂಬುದೂ ಲೆಕ್ಕಾಚಾರದ್ದೇ. ಒಳ ಅಂಚಿಗೆ ಎತ್ತರಿಸಿದ ಕಟ್ಟೆ ಇರುವ ಟ್ರ್ಯಾಕಿನಲ್ಲಾದರೆ 7.04 ಮೀಟರ್, ಬರೀ ಸುಣ್ಣದ ಗೆರೆಯಾದರೆ 7.67 ಮೀಟರ್. ಸುತ್ತು ಚಿಕ್ಕದಾದರೂ ದೊಡ್ಡದಾದರೂ ಲೇನಿನ ಅಗಲ ಅಷ್ಟೇ ಇದ್ದರೆ ಈ ಅಂತರ ಬದಲಾಗುವುದಿಲ್ಲ. ಇದು ತಪ್ಪಿದರೆ ಗೆಲ್ಲಬೇಕಾದ ಮಗು ಸೋಲುತ್ತದೆ, ಯಾಕೆ ಸೋತೆ ಎಂದು ಅದಕ್ಕೆ ತಿಳಿಯುವುದೂ ಇಲ್ಲ.

ಕಾಲೇಜು ಅತ್ಲೆಟಿಕ್ಸ್‌ನ ಚಾಂಪಿಯನ್‌ಷಿಪ್‌ಗಳ ಬಗ್ಗೆ ಬರೆಯುವಾಗ ಇಲ್ಲಿಂದ ಶುರು ಮಾಡಲು ಕಾರಣವಿದೆ. ಪತ್ರಿಕೆಯಲ್ಲಿ ಬರುವ ಚಿತ್ರದಲ್ಲಿ ಟ್ರೋಫಿ ಹಿಡಿದ ಹುಡುಗ ಹುಡುಗಿಯರು ಕಾಣುತ್ತಾರೆ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದವರ ಸಾಲು ಬಹಳ ಉದ್ದ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಈ ಸೀಮೆಯಲ್ಲಿ ಆ ಸಾಲು ದೇಶದಲ್ಲೇ ಹೆಸರು ಮಾಡುವಷ್ಟು ಗಟ್ಟಿಯಾಗಿ ಬೆಳೆದಿದೆ.

ಕೂಟ ಎಂಬ ವ್ಯವಸ್ಥೆ

ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1980ರ ಸೆಪ್ಟೆಂಬರ್ 10ರಂದು. ಅದಕ್ಕೆ ಮೊದಲು ಈ ಭಾಗದ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಕೊಣಾಜೆಯ ಗುಡ್ಡದ ಮೇಲೆ ಹೊಸ ವಿಶ್ವವಿದ್ಯಾಲಯ ಬಂದ ಮೇಲೆ ಅಂದಿನ ಅವಿಭಜಿತ ದಕ್ಷಿಣ ಕನ್ನಡ ಮತ್ತು ಕೊಡಗಿನ ಕಾಲೇಜುಗಳಿಗೆ ತಮ್ಮದೇ ಅಂತರ ಕಾಲೇಜು ಕೂಟ ಸಿಕ್ಕಿತು. ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಶ್ರೀ ಮಹಾವೀರ, ಬಂಟ್ವಾಳದ ಎಸ್‌ವಿಎಸ್, ಮಡಂತ್ಯಾರಿನ ಸೇಕ್ರೆಡ್ ಹಾರ್ಟ್, ಬೆಳ್ತಂಗಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇಂಥವುಗಳಿಗೆಲ್ಲ ಒಂದೇ ಕಣ.

ಅಂತರ ಕಾಲೇಜು ಕೂಟದಲ್ಲಿ ಗೆದ್ದವರಿಂದ ವಿಶ್ವವಿದ್ಯಾಲಯದ ತಂಡ. ಆ ತಂಡ ಹೋಗುವುದು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅತ್ಲೆಟಿಕ್ ಕೂಟಕ್ಕೆ. ಇದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಆಶ್ರಯದಲ್ಲಿ ನಡೆಯುತ್ತದೆ. ಒಕ್ಕೂಟದ ಮೂಲ 1925ರಲ್ಲಿ ಸ್ಥಾಪನೆಯಾದ ಅಂತರ ವಿಶ್ವವಿದ್ಯಾಲಯ ಮಂಡಳಿ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಸೇರಿಕೊಂಡಿದೆ. ಮೊದಲನೆಯದು ಭುವನೇಶ್ವರದಲ್ಲಿ ನಡೆದರೆ, ಎರಡನೆಯದಕ್ಕೆ 2022ರಲ್ಲಿ ಬೆಂಗಳೂರು ಆತಿಥ್ಯ ವಹಿಸಿತು.

ಅಮೆರಿಕದಲ್ಲಿ ಇದೇ ಕೆಲಸವನ್ನು ಕಾನ್ಫರೆನ್ಸ್‌ಗಳು ಮಾಡುತ್ತವೆ. ಮೂಲದಲ್ಲಿ ಆಸುಪಾಸಿನ ವಿಶ್ವವಿದ್ಯಾಲಯಗಳು ಕೂಡಿಕೊಂಡು ತಮ್ಮೊಳಗೆ ಚಾಂಪಿಯನ್‌ಷಿಪ್ ನಡೆಸಲು ಕಟ್ಟಿದ ಒಕ್ಕೂಟಗಳವು. ಇಂದು ಬಿಗ್ ಟೆನ್ ಎಂದು ಕರೆಯುವ ಒಕ್ಕೂಟ 1896ರಲ್ಲಿ ಏಳು ವಿಶ್ವವಿದ್ಯಾಲಯಗಳಿಂದ ರೂಪುಗೊಂಡಿತು. ಅದರ ಮೊದಲ ಸಭೆಯನ್ನು ಕರೆದವರು ಕುಲಪತಿಗಳು. ಅವರ ಮೊದಲ ಚಿಂತೆ ಆಟ ಹೇಗೆ ಗೆಲ್ಲುವುದೆಂಬುದಾಗಿರಲಿಲ್ಲ, ಆಡುವವನು ನಿಜವಾಗಿ ವಿದ್ಯಾರ್ಥಿಯೇ ಎಂಬುದಾಗಿತ್ತು. ಪೂರ್ಣಾವಧಿಗೆ ಓದುವವನಿಗೆ ಮಾತ್ರ ಅವಕಾಶ ಎಂದು ಅವರು ಅಂದು ಹಾಕಿದ ನಿಯಮದ ನೆರಳು ನಮ್ಮ ಕಾಲೇಜುಗಳ ಎಲಿಜಿಬಿಲಿಟಿ ಫಾರಂನಲ್ಲೂ ಇದೆ. ವಯಸ್ಸು, ಪಾಸಾದ ವರ್ಷ, ಈಗ ಓದುತ್ತಿರುವ ತರಗತಿ, ಪ್ರಿನ್ಸಿಪಾಲರ ಸಹಿ ಎಲ್ಲ ಸರಿ ಇದ್ದರೆ ಮಾತ್ರ ಚೆಸ್ಟ್ ನಂಬರ್. ಓಟ ಎಷ್ಟೇ ಚೆನ್ನಾಗಿದ್ದರೂ ಒಂದು ಅಂಕಪಟ್ಟಿಯ ಪ್ರತಿ ತಪ್ಪಿದ್ದಕ್ಕೆ ಗ್ಯಾಲರಿಯಲ್ಲಿ ಕೂರಬೇಕಾಗಬಹುದು. ಈ ಕಾಗದಗಳನ್ನು ತಿಂಗಳ ಮೊದಲೇ ಜೋಡಿಸಿ ಇಡುವವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು.

ಅಂಕಗಳು ಕಲಿಸುವ ಪಾಠ

ಚಾಂಪಿಯನ್‌ಷಿಪ್‌ನಲ್ಲಿ ಎರಡು ಬಗೆಯ ಗೌರವಗಳಿವೆ. ವೈಯಕ್ತಿಕ ವೀರಾಗ್ರಣಿ ಒಬ್ಬರದು. ತಂಡ ಪ್ರಶಸ್ತಿ ಸಂಸ್ಥೆಯದು. ಪುರುಷರ ವಿಭಾಗ, ಮಹಿಳೆಯರ ವಿಭಾಗ ಎಂದು ಬೇರೆ ಬೇರೆ ಪ್ರಶಸ್ತಿಗಳಿದ್ದು, ಎರಡೂ ವಿಭಾಗಗಳ ಅಂಕ ಕೂಡಿಸಿದರೆ ಸಮಗ್ರ ಪ್ರಶಸ್ತಿ. ಮೊದಲ ಸ್ಥಾನಕ್ಕೆ ಹೆಚ್ಚು, ಮುಂದಿನವುಗಳಿಗೆ ಇಳಿಯುತ್ತ ಹೋಗುವ ಅಂಕಗಳ ಪದ್ಧತಿ ಎಲ್ಲ ಕಡೆಯೂ ಇದೆ. ಅಮೆರಿಕದ ಕಾಲೇಜು ಕೂಟಗಳ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಎಂಟು ಸ್ಥಾನಗಳಿಗೆ 10, 8, 6, 5, 4, 3, 2, 1 ಎಂದು ಅಂಕ ಸಿಗುತ್ತದೆ. ಒಂದು ಕಾಲೇಜಿನ ತಾರೆ 100 ಮತ್ತು 200 ಮೀಟರ್ ಎರಡನ್ನೂ ಗೆದ್ದರೆ 20 ಅಂಕ. ಇನ್ನೊಂದು ಕಾಲೇಜಿನ ಆರು ಮಂದಿ ಆರು ಸ್ಪರ್ಧೆಗಳಲ್ಲಿ ಬರೀ ನಾಲ್ಕನೇ ಸ್ಥಾನ ಪಡೆದರೆ 30 ಅಂಕ. ಅವರಲ್ಲಿ ಯಾರ ಕೊರಳಿಗೂ ಪದಕ ಬೀಳುವುದಿಲ್ಲ, ಆದರೆ ಕಾಲೇಜು ಮುಂದೆ ಇರುತ್ತದೆ.

ಹೀಗಾಗಿ ಸಮಗ್ರ ಪ್ರಶಸ್ತಿಯ ಕನಸು ಕಾಣುವ ಸಂಸ್ಥೆ ಯಾರೂ ನೋಡದ ಸ್ಪರ್ಧೆಗಳಿಗೂ ಜನರನ್ನು ತಯಾರು ಮಾಡಬೇಕು. 7.26 ಕೆ.ಜಿ. ತೂಕದ ಹ್ಯಾಮರನ್ನು ಬೀಸಿ ಎಸೆಯುವವನು ಬೇಕು. ಬಿಸಿಲೇರುವ ಮುಂಚೆ 25 ಸುತ್ತು ಹಾಕಿ 10,000 ಮೀಟರ್ ಮುಗಿಸುವವಳು ಬೇಕು. ಸ್ಟೀಪಲ್‌ಚೇಸ್‌ನಲ್ಲಿ 28 ಅಡ್ಡಗಟ್ಟೆಗಳನ್ನು ದಾಟಿ, ಏಳು ಸಲ ನೀರಿನ ಗುಂಡಿ ಹಾರಿಯೂ ಕೊನೆಯ ಸುತ್ತಿಗೆ ಉಸಿರು ಉಳಿಸಿಕೊಳ್ಳುವವರು ಬೇಕು. ಎರಡು ದಿನ ಹತ್ತು ಸ್ಪರ್ಧೆಗಳನ್ನು ಮುಗಿಸುವ ಡೆಕಾಥ್ಲಾನ್ ಪಟು, ಏಳನ್ನು ಮುಗಿಸುವ ಹೆಪ್ಟಾಥ್ಲಾನ್ ಹುಡುಗಿ, ನಡಿಗೆಯವರು, ಪೋಲ್‌ವಾಲ್ಟ್‌ನವರು ಎಲ್ಲರೂ ಬೇಕು. ಹುಡುಗಿಯರ ತಂಡವನ್ನು ಕಡೆಗಣಿಸಿದ ಕಾಲೇಜು ಸಮಗ್ರ ಪ್ರಶಸ್ತಿಯ ಹತ್ತಿರವೂ ಸುಳಿಯಲಾರದು. ಈ ಒಂದು ಲೆಕ್ಕವೇ ಹಳ್ಳಿ ಹುಡುಗಿಯರಿಗೆ ಹಾಸ್ಟೆಲ್ ಬಾಗಿಲು ತೆರೆಸುತ್ತದೆ.

ಈ ಅಂಕಪಟ್ಟಿಯನ್ನು ಓದಬಲ್ಲವರಿಗೆ ಕಾಲೇಜಿನ ನಾಯಕತ್ವ ಎಂಥದೆಂಬುದು ಕಾಣುತ್ತದೆ. ಒಬ್ಬ ಅಸಾಧಾರಣ ಓಟಗಾರ ಯಾವ ಕಾಲೇಜಿನಲ್ಲಾದರೂ ಹುಟ್ಟಿಕೊಳ್ಳಬಹುದು. ಪ್ರತಿ ವರ್ಷ ಪ್ರತಿ ಸ್ಪರ್ಧೆಯಲ್ಲೂ ಯಾರಾದರೊಬ್ಬರು ಎಂಟರೊಳಗೆ ಬರುವಂತೆ ಮಾಡುವುದಕ್ಕೆ ಯೋಜನೆ ಬೇಕು, ದುಡ್ಡು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ವರ್ಷಗಟ್ಟಲೆ ಬಿಡದೆ ನಡೆಸುವ ಹಟ ಬೇಕು.

ಸ್ವರಾಜ್ಯ ಮೈದಾನದ ಕಥೆ

ಆ ಹಟದ ದೊಡ್ಡ ಉದಾಹರಣೆ ಮೂಡುಬಿದಿರೆಯಲ್ಲಿದೆ. ಮಿಜಾರಿನ ಡಾ. ಎಂ. ಮೋಹನ ಆಳ್ವ ವೃತ್ತಿಯಿಂದ ಆಯುರ್ವೇದ ವೈದ್ಯರು. 1995ರಲ್ಲಿ ಅವರು ಕಟ್ಟಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡೆಯನ್ನು ವಾರ್ಷಿಕೋತ್ಸವದ ಬಾಬತ್ತಾಗಿ ನೋಡಲಿಲ್ಲ. ಪ್ರತಿಭೆ ಇರುವ ಕ್ರೀಡಾಪಟುವನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ, ತರಬೇತಿ ಎಲ್ಲವನ್ನೂ ಉಚಿತವಾಗಿ ಕೊಡುವ ಯೋಜನೆ ಅಲ್ಲಿ ಬೇರೂರಿತು. ಅದರ ಫಲವಾಗಿ ಮಂಗಳೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಅತ್ಲೆಟಿಕ್ಸ್‌ನಲ್ಲಿ ಆಳ್ವಾಸ್ ವರ್ಷಗಳಿಂದ ಮುಂದೆ ನಿಂತಿದೆ. ವಿಶ್ವವಿದ್ಯಾಲಯದ ತಂಡಕ್ಕೆ ಬೆನ್ನೆಲುಬಾಗಿರುವವರೂ ಇಲ್ಲಿನ ವಿದ್ಯಾರ್ಥಿಗಳೇ.

ಅಖಿಲ ಭಾರತ ಕೂಟ ಮೂಡುಬಿದಿರೆಯ ಸ್ವರಾಜ್ಯ ಮೈದಾನಕ್ಕೆ ಮತ್ತೆ ಮತ್ತೆ ಬಂದಿದೆ: 2015ರ ಜನವರಿ, 2018ರ ನವೆಂಬರ್, 2020ರ ಜನವರಿ. ಕೋವಿಡ್ ಕಾಲದ 2022ರ ಜನವರಿಯಲ್ಲಿ ಪುರುಷರ ಕೂಟ ಇಲ್ಲಿ ನಡೆದರೆ ಮಹಿಳೆಯರದು ಭುವನೇಶ್ವರದಲ್ಲಿ ನಡೆಯಿತು. 2015ರ ಕೂಟದ ಆತಿಥ್ಯ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಆಳ್ವಾಸ್ ಎಂಬ ಒಂದೇ ಸಂಸ್ಥೆಯಲ್ಲಿದ್ದರೂ ಆಯುರ್ವೇದ, ನರ್ಸಿಂಗ್ ಓದುವವರು ಆ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್‌ನವರು ಬೆಳಗಾವಿಯ ವಿಟಿಯುಗೆ, ಬಿ.ಎ., ಬಿ.ಕಾಂ.ನವರು ಮಂಗಳೂರಿಗೆ ಓಡುತ್ತಾರೆ. ಬೆಳಗ್ಗೆ ಒಟ್ಟಿಗೆ ಅಭ್ಯಾಸ ಮಾಡಿದವರು ಕೂಟದ ದಿನ ಎದುರಾಳಿಗಳು. 2020ರಲ್ಲಿ 80ನೇ ಕೂಟದ ಸಮಗ್ರ ಪ್ರಶಸ್ತಿಯನ್ನು ಮಂಗಳೂರು ವಿಶ್ವವಿದ್ಯಾಲಯ ತನ್ನದೇ ಸೀಮೆಯ ಜನರೆದುರು ಎತ್ತಿತು.

ದೇಶದ ಮೂಲೆ ಮೂಲೆಗಳಿಂದ ಸಾವಿರಾರು ಕ್ರೀಡಾಪಟುಗಳು ಬಂದಿಳಿದಾಗ ಮೂಡುಬಿದಿರೆಯಂಥ ಪುಟ್ಟ ಪೇಟೆ ಅವರನ್ನು ಹೇಗೆ ತಾಳಿಕೊಳ್ಳುತ್ತದೆ? ಆಳ್ವಾಸ್ ನಡೆಸಿದ ನುಡಿಸಿರಿ ಸಾಹಿತ್ಯ ಸಮ್ಮೇಳನ, ವಿರಾಸತ್ ಸಾಂಸ್ಕೃತಿಕ ಉತ್ಸವಗಳಿಂದ ಹಿಡಿದು 2022ರ ಡಿಸೆಂಬರಿನ ಸ್ಕೌಟ್ಸ್ ಗೈಡ್ಸ್ ಸಾಂಸ್ಕೃತಿಕ ಜಾಂಬೂರಿಯವರೆಗೆ ಸಾವಿರಾರು ಜನರಿಗೆ ಒಟ್ಟಿಗೆ ಅಡುಗೆ ಮಾಡಿ ಬಡಿಸಿ, ಮಲಗಲು ಜಾಗ ಕೊಟ್ಟ ಅನುಭವ ಆ ಊರಿಗಿದೆ. ಹರಿಯಾಣದವರಿಗೆ ರೊಟ್ಟಿ, ಕೇರಳದವರಿಗೆ ಕುಚ್ಚಲಕ್ಕಿ ಅನ್ನ, ಬೆಳಗಿನ ಜಾವದ ಓಟದವರಿಗೆ ಅದಕ್ಕೂ ಮೊದಲೇ ಚಹಾ ಬಾಳೆಹಣ್ಣು. ಕೂಟ ನಡೆಸುವವರ ತಲೆಯಲ್ಲಿ ಇಂಥವೆಲ್ಲ ಓಡುತ್ತಿರಬೇಕು.

ಸರ್ಕಾರದ ಪಾಲನ್ನೂ ಹೇಳಬೇಕು. ಮೂಡುಬಿದಿರೆಯ ಶಾಸಕರಾಗಿದ್ದ ಕೆ. ಅಭಯಚಂದ್ರ ಜೈನ್ 2013ರ ನಂತರ ರಾಜ್ಯದ ಕ್ರೀಡಾ ಸಚಿವರೂ ಆಗಿದ್ದರು. ಸರ್ಕಾರದ ನೆರವಿನಿಂದ ಬಂದ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕ್ ಈ ಸೀಮೆಯ ಓಟದ ದಿಕ್ಕನ್ನೇ ಬದಲಿಸಿತು. ನಮ್ಮಲ್ಲಿ ಕಾಲೇಜು ಶುರುವಾಗುವುದೇ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಮೈದಾನ ಕೆಸರಿನ ಗದ್ದೆಯಾಗುತ್ತದೆ, ಅಭ್ಯಾಸ ನಿಲ್ಲುತ್ತದೆ. ಮಳೆ ಬಿಡುವ ಹೊತ್ತಿಗೆ ಕೂಟ ಬಾಗಿಲಿಗೆ ಬಂದಿರುತ್ತದೆ. ನೀರು ಬಸಿದು ಹೋಗುವ ಸಿಂಥೆಟಿಕ್ ಟ್ರ್ಯಾಕ್ ಕರಾವಳಿಯ ಓಟಗಾರರಿಗೆ ಆ ನಾಲ್ಕು ತಿಂಗಳನ್ನು ವಾಪಸು ಕೊಟ್ಟಿತು.

ಉಜಿರೆಯ ಹಾದಿ

ನೆರಿಯದವರಿಗೆ ಹತ್ತಿರದ ಕಾಲೇಜು ಪೇಟೆ ಉಜಿರೆ. ಕಕ್ಕಿಂಜೆಯಲ್ಲಿ ಬಸ್ಸು ಹಿಡಿದರೆ ಮುಂಡಾಜೆ ದಾಟಿ ಉಜಿರೆ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಅಲ್ಲಿ 1966ರಲ್ಲಿ ಶುರುವಾಯಿತು. ಆಗ ಧರ್ಮಾಧಿಕಾರಿಗಳಾಗಿದ್ದವರು ಡಿ. ರತ್ನವರ್ಮ ಹೆಗ್ಗಡೆ. ಅವರ ಹೆಸರಿನ ಕ್ರೀಡಾಂಗಣ ಇಂದು ಉಜಿರೆಯಲ್ಲಿದೆ. 1968ರಿಂದ ಧರ್ಮಾಧಿಕಾರಿಗಳಾಗಿರುವ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಬೆಳೆದ ಈ ವಿದ್ಯಾಸಂಸ್ಥೆಗಳಲ್ಲಿ ಘಟ್ಟದ ಬುಡದ ಎಷ್ಟೋ ಮನೆಗಳ ಮೊದಲ ಪದವೀಧರರು ಓದಿದ್ದಾರೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬಂದು ಕಾಲೇಜು ಕಲಿಯುತ್ತ, ಅದೇ ಊರಿನಲ್ಲಿ ದೊಡ್ಡ ಮೈದಾನವನ್ನೂ ಕಾಣುವ ಭಾಗ್ಯ ರಾಜ್ಯದ ಎಲ್ಲ ಹಳ್ಳಿಗಳಿಗಿಲ್ಲ.

ಆದರೆ ಬಸ್ಸಿನ ವೇಳಾಪಟ್ಟಿ ಅತ್ಲೆಟಿಕ್ಸ್‌ಗೆ ಒಗ್ಗುವುದಿಲ್ಲ. ಅಭ್ಯಾಸ ನಡೆಯುವುದು ತರಗತಿಗೆ ಮುಂಚೆ ನಸುಕಿನಲ್ಲಿ, ತರಗತಿ ಮುಗಿದ ಮೇಲೆ ಸಂಜೆ. ಹಳ್ಳಿಯ ಮೊದಲ ಬಸ್ಸು ಹೊರಡುವ ಹೊತ್ತಿಗೆ ಬೆಳಗಿನ ಅಭ್ಯಾಸ ಮುಗಿದಿರುತ್ತದೆ. ಕೊನೆಯ ಬಸ್ಸು ಹಿಡಿಯಬೇಕಾದರೆ ಸಂಜೆಯದನ್ನು ಬಿಡಬೇಕು. ಕಾಲೇಜು ಅತ್ಲೆಟಿಕ್ಸ್‌ನಲ್ಲಿ ಹಾಸ್ಟೆಲ್ ಇಷ್ಟು ಮುಖ್ಯವಾಗಿರುವುದು ಇದೇ ಕಾರಣಕ್ಕೆ. ಹಾಸ್ಟೆಲಿನಲ್ಲಿ ಒಂದು ಹಾಸಿಗೆ, ದಿನಕ್ಕೆ ಎರಡು ಮೊಟ್ಟೆ, ಒಂದು ಲೋಟ ಹಾಲು ಇಲ್ಲದಿದ್ದರೆ ಎಷ್ಟು ಒಳ್ಳೆಯ ಕೋಚ್ ಇದ್ದರೂ ಏನೂ ನಡೆಯದು.

ಇಲ್ಲೇ ದೈಹಿಕ ಶಿಕ್ಷಣ ನಿರ್ದೇಶಕರ ನಾಯಕತ್ವ ಪರೀಕ್ಷೆಗೆ ಒಳಗಾಗುವುದು. ಅಭ್ಯಾಸದಲ್ಲಿ ಸೀಟಿ ಊದುವುದು ಅವರ ಕೆಲಸದ ಕಾಲು ಭಾಗವೂ ಅಲ್ಲ. ಪಿಯು ಮಟ್ಟದ ಕೂಟಗಳಿಗೆ ಹೋಗಿ ಮುಂದಿನ ವರ್ಷಕ್ಕೆ ಮಕ್ಕಳನ್ನು ಗುರುತಿಸಬೇಕು. ಅವರ ಮನೆಗೆ ಹೋಗಿ, ಮಗಳನ್ನು ದೂರದ ಹಾಸ್ಟೆಲಿಗೆ ಕಳಿಸಲು ಅಂಜುವ ತಾಯ್ತಂದೆಯರ ಜೊತೆ ಮಾತಾಡಿ ಒಪ್ಪಿಸಬೇಕು. ಕೂಟದ ದಿನವೇ ಇಂಟರ್ನಲ್ ಪರೀಕ್ಷೆ ಬಂದರೆ ಪ್ರಿನ್ಸಿಪಾಲರ ಕೋಣೆಯಲ್ಲಿ ಅದನ್ನು ಮುಂದೆ ಹಾಕಿಸಬೇಕು. ಹಾಜರಾತಿ ಕೊರತೆಯಾಗದಂತೆ ಪತ್ರ ಬರೆಯಬೇಕು, ರೈಲಿನ ಟಿಕೆಟ್ ಮಾಡಿಸಬೇಕು, ಟಿಎ ಡಿಎ ಲೆಕ್ಕ ಒಪ್ಪಿಸಬೇಕು. ತೊಡೆಯ ಹಿಂಬದಿಯ ಸ್ನಾಯು ಹಿಡಿದುಕೊಂಡ ಹುಡುಗನಿಗೆ ಈ ಸಲ ಓಡಬೇಡ ಎಂದು ಹೇಳುವ ಧೈರ್ಯವೂ ಬೇಕು. ಅವನು ಓಡಿದರೆ ಕಾಲೇಜಿಗೆ ಅಂಕ ಸಿಗಬಹುದು, ಆದರೆ ಅವನ ಮುಂದಿನ ಎರಡು ವರ್ಷ ಹೋಗಬಹುದು. ಒಳ್ಳೆಯ ನಿರ್ದೇಶಕರು ಅಂಕ ಬಿಟ್ಟು ಹುಡುಗನನ್ನು ಉಳಿಸಿಕೊಳ್ಳುತ್ತಾರೆ.

ಹೊರಗಿನವರು, ನಮ್ಮವರು

ಈ ಜಿಲ್ಲೆಯಲ್ಲಿ ಆಗಾಗ ಕೇಳಿಬರುವ ಒಂದು ಪ್ರಶ್ನೆ ಇದೆ. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವರು ನಮ್ಮ ವಿಶ್ವವಿದ್ಯಾಲಯಕ್ಕೆ ಪದಕ ತಂದರೆ ನಮ್ಮ ಮಕ್ಕಳಿಗೇನು ಬಂತು? ಪ್ರಶ್ನೆ ನ್ಯಾಯವಾದದ್ದು, ಉತ್ತರಿಸಲೇಬೇಕಾದದ್ದು.

ಧರುಣ್ ಅಯ್ಯಸಾಮಿಯ ಉದಾಹರಣೆ ತೆಗೆದುಕೊಳ್ಳಿ. ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಈ ಹುಡುಗ ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಓದಿದ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ 4x400 ಮೀಟರ್ ರಿಲೇ ತಂಡದಲ್ಲಿದ್ದ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ 48.96 ಸೆಕೆಂಡುಗಳ ರಾಷ್ಟ್ರೀಯ ದಾಖಲೆಯೊಂದಿಗೆ ಬೆಳ್ಳಿ ಗೆದ್ದ. ಇಂಥ ಓಟಗಾರ ಅಭ್ಯಾಸ ಮಾಡುವ ಟ್ರ್ಯಾಕಿನ ಪಕ್ಕದ ಲೇನಿನಲ್ಲಿ ಬೆಳ್ತಂಗಡಿಯ ಒಬ್ಬ ಹುಡುಗ ನಿಂತರೆ ಅವನ ಅಳತೆಗೋಲೇ ಬದಲಾಗುತ್ತದೆ. ಹತ್ತು ಹರ್ಡಲ್‌ಗಳ ನಡುವೆ ತಲಾ 35 ಮೀಟರ್, ಅಷ್ಟರಲ್ಲಿ ಎಷ್ಟು ಹೆಜ್ಜೆ ಎಂಬುದನ್ನು ಅವನು ಕಣ್ಣಾರೆ ಕಲಿಯುತ್ತಾನೆ. ತಾಲ್ಲೂಕಿನಲ್ಲಿ ಮೊದಲಿಗನಾದವನಿಗೆ ದೇಶದ ಮಟ್ಟ ಎಷ್ಟು ಎತ್ತರದಲ್ಲಿದೆ ಎಂದು ಅರಿವಾಗುವುದು ಅಲ್ಲಿಯೇ.

ಈ ಸೀಮೆಯಲ್ಲಿ ವೇಗ ಇಲ್ಲವೆಂದು ಯಾರೂ ಹೇಳಲಾರರು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕೆಸರಿನ ಓಟದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅದೇ ಮಾತು. ಅದೇ ತಿಂಗಳು ನಮ್ಮ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಆ ವೇಗವನ್ನೂ ಮೀರಿದರು. ಕೋಣಗಳ ಜೊತೆ ಕೆಸರಿನಲ್ಲಿ ಓಡುವ ಕಸುಬಿಗೂ ಸ್ಪೈಕ್ ಹಾಕಿ ಬ್ಲಾಕಿನಿಂದ ಏಳುವ ಓಟಕ್ಕೂ ಹೋಲಿಕೆ ಸಲ್ಲದು. ಅವರದು ಅವರದೇ ವಿದ್ಯೆ. ಆದರೆ ಇಂಥ ದೇಹ, ಇಂಥ ಛಲ ಈ ಮಣ್ಣಿನಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಂಗಳೂರಿನ ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳ 4x400 ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಸೋಮೇಶ್ವರದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಜಿಗಿದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಹೊರಗಿನವರು ಬಂದದ್ದು ತಪ್ಪಲ್ಲ. ನಮ್ಮ ಮಕ್ಕಳು ಅದೇ ಬಾಗಿಲಿನವರೆಗೆ ಬರಲು ದಾರಿ ಇಲ್ಲದಿದ್ದರೆ ಅದು ತಪ್ಪು.

ಏಣಿಯ ಕೆಳಗಿನ ಮೆಟ್ಟಿಲು

ಆ ದಾರಿ ಎಲ್ಲಿ ತುಂಡಾಗುತ್ತದೆ ಎಂದು ಹುಡುಕಿದರೆ ಉತ್ತರ ಮತ್ತೆ ಶಾಲೆಯಲ್ಲೇ ಸಿಗುತ್ತದೆ. ಮಕ್ಕಳ ಸಂಖ್ಯೆ ಕಡಿಮೆ ಇರುವ ಸರ್ಕಾರಿ ಶಾಲೆಗಳಿಗೆ ದೈಹಿಕ ಶಿಕ್ಷಕರ ಹುದ್ದೆಯೇ ಮಂಜೂರಾಗುವುದಿಲ್ಲ. ಘಟ್ಟದ ಬುಡದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಇರುವುದು ಸಹಜ. ಅಂದರೆ ಗುಡ್ಡ ಹತ್ತಿಳಿದು ಬೆಳೆದ ಮಕ್ಕಳಿರುವಲ್ಲೇ ಅವರ ಓಟವನ್ನು ಗುರುತಿಸುವ ಕಣ್ಣಿಲ್ಲ. ಕನ್ನಡ ಕಲಿಸುವ ಟೀಚರೋ ಗಣಿತದ ಮಾಸ್ಟ್ರೋ ಪ್ರೀತಿಯಿಂದ ಮಕ್ಕಳನ್ನು ವಲಯ ಮಟ್ಟದ ಕೂಟಕ್ಕೆ ಕರೆದುಕೊಂಡು ಹೋಗುತ್ತಾರೆ. ಬರಿಗಾಲಲ್ಲಿ ಓಡಿ ಗೆದ್ದ ಹುಡುಗಿಗೆ ಮುಂದೇನು ಮಾಡಬೇಕೆಂದು ಹೇಳುವವರು ಸಿಗದೆ ಅವಳ ಓಟ ಹತ್ತನೇ ತರಗತಿಗೆ ಮುಗಿಯುತ್ತದೆ.

ಮಾಡಬಹುದಾದ ಕೆಲಸ ಕೈಗೆಟುಕದಷ್ಟು ದೊಡ್ಡದಲ್ಲ. ನಾಲ್ಕೈದು ಸಣ್ಣ ಶಾಲೆಗಳಿಗೆ ಸೇರಿ ಒಬ್ಬರು ದೈಹಿಕ ಶಿಕ್ಷಕರು ಸರದಿಯಂತೆ ಹೋಗಬಹುದು. ಅಂತರ ಕಾಲೇಜು ಕೂಟದಲ್ಲಿ ಹೆಸರು ಮಾಡಿದ ಕಾಲೇಜುಗಳು ವರ್ಷಕ್ಕೊಮ್ಮೆ ಕಕ್ಕಿಂಜೆ, ಮುಂಡಾಜೆ, ವಾಮದಪದವಿನಂಥ ಕಡೆಗೆ ತಮ್ಮ ಓಟಗಾರರನ್ನೂ ಕೋಚ್‌ಗಳನ್ನೂ ಕಳಿಸಿ ಮಕ್ಕಳ ಓಟ, ಜಿಗಿತ, ಎಸೆತ ಅಳೆದು ಬರೆದಿಡಬಹುದು. ಬೇಸಿಗೆ ರಜೆಯಲ್ಲಿ ಹಳ್ಳಿಯ ಮಕ್ಕಳಿಗೆ ಹಾಸ್ಟೆಲಿನ ಖಾಲಿ ಕೋಣೆಗಳನ್ನೂ ಸಿಂಥೆಟಿಕ್ ಟ್ರ್ಯಾಕನ್ನೂ ತೆರೆಯಬಹುದು. ಕೂಟಗಳಿಂದ ನಿವೃತ್ತರಾಗಿ ಊರಿಗೆ ಮರಳಿದ ಹಳೆಯ ಕ್ರೀಡಾಪಟುಗಳನ್ನು ವಾರಕ್ಕೆ ಎರಡು ಸಂಜೆ ಶಾಲೆಗೆ ಕರೆದರೆ ಬೇಡವೆನ್ನುವವರು ಕಡಿಮೆ.

ಸಮಗ್ರ ಪ್ರಶಸ್ತಿ ಗೆಲ್ಲುವುದು ಹೇಗೆಂದು ಈ ಸೀಮೆಗೆ ಗೊತ್ತಿದೆ. ಸಾವಿರಾರು ಜನರಿಗೆ ಊಟ ಹಾಕಿ ರಾಷ್ಟ್ರೀಯ ಕೂಟ ನಡೆಸುವುದೂ ಗೊತ್ತಿದೆ. ಒಂದೊಂದು ಸ್ಪರ್ಧೆಗೂ ಒಬ್ಬೊಬ್ಬರನ್ನು ತಯಾರು ಮಾಡುವ ಶಿಸ್ತು ಸಂಸ್ಥೆಗಳಲ್ಲಿದೆ. ಅದೇ ಶಿಸ್ತಿನಿಂದ ಒಂದೊಂದು ಊರಿನ ಶಾಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾದ ಕಾಲ ಇದು. ಹತ್ತು ವರ್ಷ ಬಿಟ್ಟು ವಿಶ್ವವಿದ್ಯಾಲಯದ ತಂಡದ ಪಟ್ಟಿ ಹೊರಬಂದಾಗ ಅದರಲ್ಲಿ ನೆರಿಯದ ಹೆಸರೂ ಇರಬೇಕೆಂದರೆ, ಆ ಹೆಸರಿನ ಮಗು ಈಗ ಐದನೇ ತರಗತಿಯಲ್ಲಿದೆ. ಅದಕ್ಕೆ ಈ ವರ್ಷವೇ ಒಬ್ಬ ಪಿ.ಟಿ. ಮಾಸ್ಟ್ರು ಬೇಕು.